ಹಲಗೆಗೆ ಬಾರದ ಮರಿಗಳು

ಎರಡು ವರ್ಷದ ಹಿಂದೆ ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ನನಗೆ ಮೀನು ಅಳೆಯುವ ಕೆಲಸ ಸಿಕ್ಕಿತು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಈ ಕೆಲಸಕ್ಕೆ ಅಷ್ಟು ಸಾಕು. ಹರಿಗೋಲು ದಂಡೆಗೆ ಬಂದ ಕೂಡಲೇ ಮೀನು ತೂಗಬೇಕು, ಒಂದೊಂದನ್ನೇ ಅಳತೆ ಹಲಗೆಯ ಮೇಲೆ ಮಲಗಿಸಿ ಉದ್ದ ಬರೆದುಕೊಳ್ಳಬೇಕು.

ನೀರೊಳಗಿನ ಮೀನನ್ನು ಎಣಿಸಲಾಗದು. ಅದಕ್ಕೆ ವಿಜ್ಞಾನಿಗಳು ಹೊರಗೆ ಬಂದ ಮೀನಿನಲ್ಲೇ ಒಳಗಿನ ಸ್ಥಿತಿಯ ಗುರುತು ಹುಡುಕುತ್ತಾರೆ. ಇದನ್ನೇ ಇಂಡಿಕೇಟರ್ ಅನ್ನುತ್ತಾರೆ. ನಮ್ಮಲ್ಲಿ ಎರಡಿದ್ದವು. ಪ್ರತಿ ಬಲೆಗೆ ಎಷ್ಟು ತೂಕದ ಮೀನು ಬಿತ್ತು ಅನ್ನುವುದು ಒಂದು, ಮೀನಿನ ಸರಾಸರಿ ಉದ್ದ ಎಷ್ಟು ಅನ್ನುವುದು ಇನ್ನೊಂದು. ಇವನ್ನು ನೋಡಿ ವಿಜ್ಞಾನಿ ಮೇಡಂ ಮೀನುಗಾರಿಕೆ ಇಲಾಖೆಗೆ ಸಲಹೆ ಬರೆಯುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ಮರಿಗಳೇ ಹೆಚ್ಚು ಬಂದವು. ಮೀನುಗಾರ ದಾವಲಸಾಬ ಆಗಷ್ಟೇ ಸಣ್ಣ ಕಣ್ಣಿನ ಹೊಸ ಬಲೆ ತಂದಿದ್ದ. "ಕಾಕಾ, ಹಿಂಗ ಮರಿ ಬಂದ್ರ ಈ ಬಲಿ ಬಂದ್ ಮಾಡಸ್ತಾರ" ಅಂದೆ. ಅವನು ಬೀಡಿ ಎಸೆದು ಹೋದ. ಮರುವಾರದಿಂದ ಎಲ್ಲರ ಹರಿಗೋಲಿನಿಂದಲೂ ದೊಡ್ಡ ಮೀನುಗಳಷ್ಟೇ ಇಳಿದವು. ಬಂದದ್ದನ್ನು ನಾನು ಅಳೆದೆ.

ಮಳೆಗಾಲಕ್ಕೆ ಮುಂಚೆ ಮೇಡಂ ದಂಡೆಯಲ್ಲೇ ಸಭೆ ಕರೆದರು.

"ಮೀನ ಉದ್ದ ಆಗ್ಯಾವ. ಆದ್ರ ಬಲಿಗೆ ಬೀಳೂದು ಅರ್ಧಕ್ಕ ಇಳದದ. ಮರಿ ಒಂದೂ ಇಲ್ಲ. ಅಂದ್ರ ಮೀನ ಹುಟ್ಟವಲ್ಲವು. ಒಂದು ವರ್ಷ ಪೂರಾ ಹಿನ್ನೀರು ಬಂದ್ ಮಾಡ್ರಿ ಅಂತ ಬರೀತೇನಿ."

ಅಲ್ಲಿದ್ದ ಯಾರಿಗೂ ಹೊಲವಿಲ್ಲ, ನೀರೇ ಹೊಲ.

ದಾವಲಸಾಬ ನನ್ನ ಪಕ್ಕೆಗೆ ತಿವಿದ. "ಲೇ ಬೀರ್ಯಾ, ದೊಡ್ಡ ಮೀನ ತೋರಿಸಿದ್ರ ಬಾಯಾರು ಖುಷಿ ಆಗ್ತಾರಂತ ನೀನ ಹೇಳಿದ್ದೆಲ್ಲೋ!"

"ನಾ ಎಲ್ಲಿ ಹೇಳೀನಿ ಕಾಕಾ?"

ಅವನು ಎದ್ದು ಮೇಡಂ ಕಡೆ ತಿರುಗಿ ನಿಂತ. "ಹುಟ್ಟಾಕತ್ತಾವ್ರಿ ಬಾಯಾರ."

"ಎಲ್ಲಿ ಅದಾವ?"

"ಕಮತಗಿ ಸಂತ್ಯಾಗ."

ಸಭೆ ನಕ್ಕಿತು. ಮೇಡಂ ನಗಲಿಲ್ಲ. ಅವನು ಜಾಲಿ ಗಿಡಗಳ ಸಂದಿಗೆ ಹೋಗಿ ಒಂದು ಗೋಣಿಚೀಲ ಎಳೆದು ತಂದು ಹಲಗೆಯ ಮೇಲೆ ಸುರಿದ. ಎಲ್ಲ ಬೆರಳುದ್ದದ ಮರಿಗಳು. ಹಲಗೆಗೆ ಬರುವ ಮೊದಲೇ ಎಲ್ಲರೂ ಇವನ್ನು ಆ ಸಂದಿಯಲ್ಲಿ ಇಳಿಸಿ, ಬೈಕಿನಲ್ಲಿ ಸಂತೆಗೆ ಕಳಿಸುತ್ತಿದ್ದರು. ಸರಾಸರಿ ಉದ್ದವನ್ನು ಏರಿಸಲು ಹೋಗಿ ತೂಕವನ್ನು ಇಳಿಸಿದ್ದರು. ಎರಡನ್ನೂ ಕೂಡಿಸಿ ಓದಿದರೆ ಸಂತಾನವೇ ನಿಂತಂತೆ ಕಂಡಿತ್ತು.

"ಹಂಗಾದ್ರ ಸಣ್ಣ ಕಣ್ಣಿನ ಬಲಿ ಹೋಗ್ತದ ನೋಡ್ರಿ" ಅಂದರು ಮೇಡಂ.

"ಹೋಗ್ಲಿ ಬಿಡ್ರಿ. ನೀರು ಉಳೀಲಿ."

ಮತ್ತೆ ಎರಡು ತಿಂಗಳು ಚೀಲದ ಮರಿ ಸಮೇತ ಅಳೆದೆವು. ಹಿನ್ನೀರು ಬಂದ್ ಆಗಲಿಲ್ಲ. ಸಣ್ಣ ಕಣ್ಣಿನ ಬಲೆಗಳಷ್ಟೇ ಹೋದವು. ದಾವಲಸಾಬನ ಹೊಸ ಬಲೆ ಈಗ ಅವನ ಹಿತ್ತಲಿನ ಮೆಣಸಿನ ಗಿಡಕ್ಕೆ ಕೋಳಿ ಬಾರದಂತೆ ಬೇಲಿಯಾಗಿದೆ.

ಹಲಗೆಗೆ ಬಂದದ್ದನ್ನು ಯಾರು ಬೇಕಾದರೂ ಅಳೆಯಬಹುದು. ಬಾರದೆ ಹೋದದ್ದು ಏನು ಅಂತ ಕೇಳುವುದು ಈ ಕೆಲಸದ ಮೊದಲ ಭಾಗ. ಈಗ ನಾನು ಹರಿಗೋಲಿನ ತಳ ನೋಡಿ, ಜಾಲಿ ಸಂದಿಗೊಂದು ಸುತ್ತು ಹಾಕಿ, ಆಮೇಲೆ ಹಲಗೆ ಇಡುತ್ತೇನೆ. ದಾವಲಸಾಬ ದೂರದಿಂದಲೇ ಕೂಗುತ್ತಾನೆ: "ಬಾರಲೇ ಪೊಲೀಸಪ್ಪಾ, ಚೀಲ ಇಲ್ಲೇ ಐತಿ!"