ಅವ್ವಗ ಹಾಕದ ಬ್ಯಾಳಿ

ನಮ್ಮಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನ್ಯಾಗ ಕಾಳುಕಡಿ ವ್ಯಾಪಾರ ಮಾಡ್ತಿದ್ದ. ಉಣಕಲ್ಲಿನ ನಮ್ಮ ಮನಿ ಪಡಸಾಲ್ಯಾಗ ತೊಗರಿ, ಹೆಸರು, ಕಡ್ಲಿ ಚೀಲ ಯಾವಾಗಲೂ ಇರ್ತಿದ್ವು. ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸ್ತಿದ್ದೆ. ಮೈ ಬೆಳೀಲಿಕ್ಕೆ, ಸವೆದದ್ದು ಮತ್ತ ತುಂಬಿಕೊಳ್ಳಲಿಕ್ಕೆ ಪ್ರೋಟೀನ್ ಬೇಕು, ಅದು ಬ್ಯಾಳಿ, ಕಾಳು, ಹಾಲಿನ್ಯಾಗ ಇರತೈತಿ ಅಂತ ಪ್ರತಿ ವರ್ಷ ಬೋರ್ಡಿನ ಮ್ಯಾಲ ಬರೀತಿದ್ದಾಕಿ ನಾನ. ಇಷ್ಟೆಲ್ಲಾ ಇದ್ದೂ ನಮ್ಮವ್ವನ್ನ ಉಪವಾಸ ಕೆಡವಿದೆ. ಮೂರು ಹೊತ್ತು ಉಣಿಸಿ, ಉಪವಾಸ ಕೆಡವಿದೆ.

ತೊಂಬತ್ತರ ದಶಕದ ನಡುವಿನ ಮಾತು. ಕರುಳು ಗಂಟು ಬಿದ್ದು ಅವ್ವಗ ಹೊಟ್ಟಿ ಆಪರೇಷನ್ ಆತು. ಮನಿಗೆ ಕಳಸೂ ಮುಂದ ಡಾಕ್ಟರ್, ಇನ್ನ ಮ್ಯಾಲ ಹಾಲು, ಬ್ಯಾಳಿ ಚಲೋತ್ನಾಗಿ ಕೊಡ್ರಿ ಅಂತ ನನಗ ಹೇಳಿದ್ರು. ಮನಿಗೆ ಬಂದು ನೋಡಿದ್ರ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಧಾರವಾಡದಿಂದ ಬಂದು ಆಗಲೇ ಒಲಿ ಮುಂದ ಕುಂತಿದ್ಲು. ಆಕಿ ಕೆಟ್ಟಾಕಿ ಅಲ್ಲ, ತನ್ನ ಸಂಸಾರ ಬಿಟ್ಟು ತಂಗಿ ಸೇವಾ ಮಾಡಾಕ ಬಂದಾಕಿ. ಹಸಿ ಗಾಯಕ್ಕ ಬ್ಯಾಳಿ ನಂಜು, ಹೊಲಿಗಿ ಕೀವು ಹಿಡಿತಾವ ಅಂದ್ಲು. ಶೇಂಗಾ ನಂಜು, ಹಾಲು-ಮಸರೂ ನಂಜು. ಉಳದದ್ದು ಮೆತ್ತಗಿನ ಅನ್ನ, ತುಪ್ಪ, ಜೀರಿಗಿ ಸಾರು, ರವಾ ಗಂಜಿ.

ನನಗೇನು ಗೊತ್ತಿರಲಿಲ್ಲಂತಲ್ಲ. ಆದ್ರ ಸಾಲಿ ವಿದ್ಯಾ ನಾನು ಚಪ್ಪಲಿ ಬಿಟ್ಟಂಗ ಬಾಗಿಲ ಹೊರಗ ಬಿಟ್ಟು ಒಳಗ ಬರ್ತಿದ್ದೆ. ಮತ್ತ ಖರೇ ಹೇಳಬೇಕಂದ್ರ ಅಂಜಿಕಿ. ನಾನು ಬ್ಯಾಳಿ ಹಾಕಿ ನಾಳೆ ಕೀವಾತಂದ್ರ ಬಳಗದವರೆಲ್ಲಾ ನನ್ನ ಮಾರಿ ನೋಡ್ತಾರ. ಹಾಕದನ ಏನರ ಆದ್ರ ಯಾರೂ ಏನೂ ಅನ್ನೂದಿಲ್ಲ.

ಎರಡು ವಾರಕ್ಕ ಗಾಯದ ಒಂದು ಮೂಲಿ ಬಿಚ್ಚಿಕೊಂಡು ನೀರಿನಂಥಾದ್ದು ಸೋರಾಕತ್ತು. ಯಾರೋ ಕದ್ದು ಬ್ಯಾಳಿ ತಿನ್ನಿಸೀರಿ ಅಂತ ದೊಡ್ಡವ್ವ ಎಲ್ಲಾರನ್ನೂ ಕೇಳಿದ್ಲು. ಯಾರೂ ತಿನ್ನಿಸಿರಲಿಲ್ಲ. ಪಥ್ಯ ಇನ್ನಷ್ಟು ಬಿಗಿ ಆತು. ಅಷ್ಟರಾಗ ಅವ್ವನ ಮಾರಿ ದುಂಡಗಾತು, ಕಾಲು ತುಂಬಿಕೊಂಡ್ವು. ಮಾತಾಡ್ಸಾಕ ಬಂದ ಓಣಿ ಹೆಣಮಕ್ಕಳು, ಮೈ ಹಿಡದೈತಿ ನೋಡ್ರಿ, ಮಗಳು ಚಲೋ ನೋಡಿಕೊಂಡಾಳ ಅಂದ್ರು. ನನಗ ಹೆಮ್ಮಿ ಆತು. ಮೈ ಒರಸೂ ಮುಂದ ನೋಡಿದ್ರ ತೋಳು ಕಡ್ಡಿ ಆಗಿದ್ವು. ಪಾದ ಒತ್ತಿದ್ರ ಬೆರಳಿನ ತಗ್ಗು ಹಂಗ ಉಳೀತಿತ್ತು. ಅದನ್ನೂ ನೋಡಿದೆ, ಸೀರಿ ಮುಚ್ಚಿದೆ.

ಒಂದು ಮಧ್ಯಾಹ್ನ ಉಳದವರಿಗೆ ಅಂತ ಬ್ಯಾಳಿಗೆ ಬಳ್ಳೊಳ್ಳಿ ಒಗ್ಗರಣಿ ಕೊಡಾಕತ್ತಿದ್ದೆ. ಅವ್ವ ಹಾಸಿಗ್ಯಾಗಿಂದನ ಕರದ್ಲು.

“ಒಂದ ಸೌಟು ಬ್ಯಾಳಿ ಹಾಕವಾ. ಬಾಯಿ ಬೇಡಾಕತ್ತಿಲ್ಲ, ಮೈ ಬೇಡಾಕತ್ತೈತಿ.”

ನಾನು ಸಿಟ್ಟಿಲೇ ಬೈದೆ. ಸಣ್ಣ ಹುಡುಗ್ರಂಗ ಮಾಡಬ್ಯಾಡ, ನಿನ್ನ ಸಲುವಾಗಿ ನಾವೆಲ್ಲಾ ಒದ್ದಾಡಾಕತ್ತೇವಿ, ನಿನಗ ನಾಲಗಿ ಚಪಲ ಅಂದೆ. ಅವ್ವ ಗ್ವಾಡಿ ಕಡೆ ಮಾರಿ ತಿರುವಿದ್ಲು. ಒಳಗ ಕುಂತು ನಾವು ಬ್ಯಾಳಿ ಅನ್ನ ಉಂಡ್ವಿ. ನಾನು ಎರಡು ಸಲ ಹಾಕಿಸಿಕೊಂಡೆ.

ಮುಂದಿನ ವಾರ ಜ್ವರ ಬಂತು, ಗಾಯ ಪೂರ್ತಿ ಬಾಯಿ ಬಿಡ್ತು. ಮತ್ತ ದವಾಖಾನಿಗೆ ಒಯ್ದ್ವಿ. ಅದ ಡಾಕ್ಟರ್ ಅವ್ವನ ಪಾದ ಒತ್ತಿ ನೋಡಿ, ಮೈಯಾಗ ಪ್ರೋಟೀನ್ ಇಲ್ಲರಿ ಅಂದ್ರು. ಗಾಯ ಕೂಡಬೇಕಂದ್ರ ಅದ ಬೇಕು, ಊಟದಾಗ ಸಿಗದಿದ್ರ ಮೈ ತನ್ನ ತೋಳು, ತೊಡಿ ತಾನ ಕರಗಿಸಿಕೊಂತೈತಿ, ರಕ್ತದಾಗಿನ ನೀರು ಕಾಲಿಗೆ ಇಳಿತೈತಿ, ಇದು ಮೈ ಬಂದದ್ದಲ್ಲ ಬಾವು ಅಂತ ತಿಳಿಸಿ ಹೇಳಿದ್ರು. ಆಮ್ಯಾಲ ನನ್ನ ಕಡೆ ತಿರುಗಿ, ಹಾಲು, ಬ್ಯಾಳಿ ಕೊಟ್ಟೀರಿಲ್ಲೋ ಅಂತ ಕೇಳಿದ್ರು.

ಉತ್ತರ ಅವ್ವ ಕೊಟ್ಲು.

“ಎಲ್ಲಾ ಹಾಕ್ಯಾಳ್ರಿ ನನ್ನ ಮಗಳು. ತಿಂದದ್ದು ನನ್ನ ಮೈಗೆ ಹತ್ತಲಿಲ್ಲ.”

ಡಾಕ್ಟರ್ ಅದನ್ನ ಕಾಗದದಾಗ ಬರಕೊಂಡ್ರು. ತಿಂದೂ ಮೈಗೆ ಹತ್ತಿಲ್ಲಂದ್ರ ಕರುಳಿನ್ಯಾಗ ಏನೋ ದೋಷ ಐತಿ ಅಂತ ಅದನ್ನ ಹುಡುಕಾಕ ಶುರು ಮಾಡಿದ್ರು. ನಾಲ್ಕು ದಿನ ರಕ್ತ ತಗೊಂಡ್ರು, ಎಕ್ಸ್-ರೇ ಫೋಟೋ ತಗದ್ರು, ಟೆಸ್ಟಿಗೆ ಅಂತ ಬಾಯಿಗೇನೂ ಹಾಕದನ ಕೆಡವಿದ್ರು. ನಾನು ಒಂದು ಮಾತು ಹೇಳಿದ್ರ ಸಾಕಿತ್ತು. ಹೇಳಿದ್ರ ಅವ್ವ ಉಳೀತಿದ್ಲೋ ಇಲ್ಲೋ, ಅದು ನನಗ ಇವತ್ತಿಗೂ ಗೊತ್ತಿಲ್ಲ. ದಿನಾ ಡಾಕ್ಟರ ಕೋಣಿ ಬಾಗಿಲ ತನಕ ಹೋಗಿ ಹೊಳ್ಳಿ ಬರ್ತಿದ್ದೆ. ದೊಡ್ಡವ್ವನ ಮರ್ಯಾದಿ ಅಂತ ನನಗ ನಾನ ಹೇಳಿಕೊಂಡೆ. ಸುಳ್ಳು. ಸೈನ್ಸ್ ಟೀಚರ್ ಅನ್ನೂ ನನ್ನ ಮರ್ಯಾದಿ ಅದು.

ಐದನೇ ದಿನ ಮುಂಜಾನೆ ಅವ್ವ ಹೋದ್ಲು. ಸಹಿ ಮಾಡಾಕ ಹೋದಾಗ ಡಾಕ್ಟರ್ ಎದ್ದು ನಿಂತು, ನೀವು ಏನೂ ಕಮ್ಮಿ ಮಾಡಲಿಲ್ಲರಿ, ನಿಮ್ಮವ್ವಾರ ಹೇಳಿದ್ರಲ್ಲ ಅಂದ್ರು. ನಾನು ಅವರಿಗೆ ಕೈ ಮುಗದು ಹೊರಗ ಬಂದೆ.