ಚೀಟಿಯಲ್ಲಿದ್ದಂತೆ ಕೊಟ್ಟಿದ್ದಾರೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಐವತ್ತೆರಡರ ಫಾರ್ಮಸಿಸ್ಟ್ ಒಬ್ಬರು ವಾರ್ಡುಗಳಿಂದ ಬಂದ ಔಷಧಿ ಚೀಟಿಗಳನ್ನು ಓದುತ್ತಿದ್ದಾರೆ. ನರ್ಸುಗಳ ಬಾಯಲ್ಲಿ ಇವರು 'ಗುಳಿಗೆ ಅಕ್ಕ'. ಒಂದು ಚೀಟಿಯನ್ನು ಎತ್ತಿಟ್ಟುಕೊಂಡು ಮೂರನೇ ಮಹಡಿಗೆ ಫೋನ್ ಮಾಡುತ್ತಾರೆ.

"ಹನ್ನೆರಡನೇ ಬೆಡ್ಡಿನ ಅಜ್ಜನಿಗೆ ಕಿಡ್ನಿ ಸರಿಯಿಲ್ಲ ಅಲ್ವಾ ಡಾಕ್ಟ್ರೇ? ಈ ಇಂಜೆಕ್ಷನ್ ಅರ್ಧ ಸಾಕಲ್ವಾ?"

ಆ ಕಡೆಯಿಂದ ಸಿಡುಕು. ಅಕ್ಕ ಫೋನ್ ಇಡದೆ ಕಾಯುತ್ತಾರೆ. ಕೊನೆಗೆ ಚೀಟಿಯಲ್ಲಿ ಪ್ರಮಾಣ ಅರ್ಧವಾಗುತ್ತದೆ. "ದಿನಾ ತಿಂಡಿಗೆ ಮೊದಲೇ ಒಂದೆರಡು ಬೈಗುಳ ತಿಂದಿರ್ತೀನಿ" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ದಿನಕ್ಕೆ ನಾನೂರು ಚೀಟಿ, ಇರುವುದು ಇಬ್ಬರೇ ಫಾರ್ಮಸಿಸ್ಟರು. ಆರೇಳು ಚೀಟಿಗಳಲ್ಲಾದರೂ ಎಡವಟ್ಟು ಇದ್ದೇ ಇರುತ್ತದೆ. ಅದನ್ನು ಹಿಡಿಯುವವರು ಯಾರೆಂದು ರೋಗಿಗಳಿಗೆ ಗೊತ್ತಿಲ್ಲ. ಮನೆಯಲ್ಲಿ ಅತ್ತೆಯೂ ಬಂದವರಿಗೆ ಹೇಳುವುದು, "ನಮ್ಮ ಸೊಸೆ ಆಸ್ಪತ್ರೆ ಅಂಗಡೀಲಿ ಕೂತ್ಕೋತಾಳೆ" ಅಂತಲೇ.

ಆರು ವರ್ಷದ ಹಿಂದೆ ವಾರ್ಡೊಂದರಲ್ಲಿದ್ದ ಕೀಲುನೋವಿನ ಹೆಂಗಸೊಬ್ಬರ ಚೀಟಿ ಬಂದಿತ್ತು. ವಾರಕ್ಕೊಮ್ಮೆ ನುಂಗಬೇಕಾದ ಗುಳಿಗೆ, ಬರೆದದ್ದು ದಿನಕ್ಕೊಂದು. ಅಕ್ಕ ಫೋನ್ ಮಾಡಿದರು. "ಬರೆದಿದ್ದು ಕೊಡ್ರೀ, ಡಾಕ್ಟರು ನೀವಾ ನಾನಾ?" ಎಂಬ ಉತ್ತರ ಬಂತು. ಕೊಟ್ಟರು. ಹತ್ತು ದಿನದಲ್ಲಿ ಆಕೆಯ ಬಾಯಿ ತುಂಬ ಹುಣ್ಣಾಯಿತು, ರಕ್ತಕಣಗಳು ಕುಸಿದವು. ಅದೇ ವಾರ್ಡಿನಲ್ಲಿ ತೀರಿಕೊಂಡರು.

ತನಿಖೆಯೂ ನಡೆಯಿತು. 'ಫಾರ್ಮಸಿಯ ತಪ್ಪಿಲ್ಲ. ಚೀಟಿಯಲ್ಲಿದ್ದಂತೆ ಕೊಟ್ಟಿದ್ದಾರೆ' ಎಂದು ವರದಿ ಬಂತು. ಸದ್ಯ ಬಚಾವಾದ್ರಿ ಎಂದು ಜೊತೆಯವರು ಸಮಾಧಾನ ಹೇಳಿದರು.

"ಬಚಾವ್ ಆಗಿದ್ದಲ್ಲ. ನನಗೂ ತಲೆ ಇದೆ ಅನ್ನೋದೇ ತನಿಖೆ ಮಾಡಿದವರಿಗೆ ಹೊಳೀಲಿಲ್ಲ. ತಪ್ಪು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಎಣಿಸಿ ಕೊಟ್ಟೆ, ಈ ಕೈಯಿಂದಾನೇ."

ಆ ಕೈಗಳತ್ತ ನೋಡಲು ನನಗೆ ಧೈರ್ಯ ಬರುವುದಿಲ್ಲ.

ಅಂದಿನಿಂದ ಅವರದು ಒಂದೇ ಬೇಡಿಕೆ. ಡಾಕ್ಟರು ರೋಗಿಗಳನ್ನು ನೋಡಲು ಬರುವಾಗ ತನ್ನನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿಕೊಳ್ಳಲಿ, ಚೀಟಿ ಬರೆಯುವ ಮೊದಲೇ ಒಂದು ಮಾತು ಕೇಳಲಿ. ನಾಲ್ಕನೇ ಅರ್ಜಿಗೆ ಮೊನ್ನೆ ಆಸ್ಪತ್ರೆಯ ಆಡಳಿತದಿಂದ ಉತ್ತರ ಬಂದಿದೆ: 'ಅಗತ್ಯವಿಲ್ಲ.' ಅದನ್ನು ಓದಿ ನನ್ನ ಮೈ ಉರಿಯುತ್ತದೆ. ಅಕ್ಕ ಮಾತ್ರ ಐದನೆಯದನ್ನು ಬರೆದು ಮುಗಿಸಿದ್ದಾರೆ. ಅದರಲ್ಲೊಂದು ಹೊಸ ಸಾಲಿದೆ: 'ಇನ್ನು ಮುಂದೆ ತಪ್ಪು ಔಷಧಿಯಿಂದ ಯಾರಾದರೂ ಸತ್ತರೆ, ತಪ್ಪಿತಸ್ಥರಲ್ಲಿ ನನ್ನನ್ನೂ ಸೇರಿಸಬೇಕು.'

ಇದೇಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ನಾನು ಕೇಳಿದರೆ, ಅಕ್ಕ ಮುಂದಿನ ಚೀಟಿಗೆ ಕೈಹಾಕುತ್ತ ಹೇಳುತ್ತಾರೆ:

"ಆಮೇಲೆ ನನ್ನನ್ನ ಹಿಡಿಯೋ ಹಾಗಿದ್ರೆ, ಮೊದಲು ನನ್ನ ಮಾತು ಕೇಳಲೇಬೇಕಲ್ಲ."