ಬಚ್ಚಲದ ಫರ್ಸಿ

ಸಿಂದಗಿಯಲ್ಲಿ ನಮ್ಮ ಮನೆ ಇರುವ ಬಡಾವಣೆಗೆ ಮಧ್ಯಾಹ್ನ ಬಂದರೆ ಹೊರಗೆ ಒಬ್ಬರೂ ಕಾಣುವುದಿಲ್ಲ. ಎಲ್ಲ ನೌಕರದಾರರ ಮನೆಗಳು. ಅವುಗಳಲ್ಲಿ ಆರು ನಾನು ಕಟ್ಟಿದ್ದು, ಏಳನೆಯದು ನನ್ನದು. ಐದನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟು ಅಪ್ಪನ ಹಿಂದೆ ಕರಣಿ ಹಿಡಿದವನು ನಾನು. ಗೌಂಡಿ ಕೆಲಸ ಮಾಡಿಯೇ ಈ ಮನೆ ಎಬ್ಬಿಸಿದೆ.

ಹೋದ ವರ್ಷ ಬಸವನ ಬಾಗೇವಾಡಿಯಲ್ಲಿ ಮಗ ಸಿಮೆಂಟಿನ ಅಂಗಡಿ ಹಾಕಿದ. ಎಲ್ಲರೂ ಅಲ್ಲಿಗೇ ಹೋಗುವುದೆಂದಾಯಿತು. ಈ ಮನೆ ಮಾರಿದರೇನೇ ಅಲ್ಲಿ ಮನೆ ಕೊಳ್ಳುವುದು. ಗೇಟಿಗೆ ಬೋರ್ಡು ಕಟ್ಟಿದೆ. ಬಂದವರೆಲ್ಲ ಗೋಡೆ ಬಡಿದು ನೋಡಿದರು, ಕುಂದು ಸಿಗಲಿಲ್ಲ. ಬಚ್ಚಲವನ್ನು ಮಾತ್ರ ಹೆಂಡತಿ ಮೊದಲೇ ಒರೆಸಿ ಒಣಗಿಸಿ ಇಡುತ್ತಿದ್ದಳು. ಅಲ್ಲಿ ಸುರಿದ ನೀರು ಮೋರಿಗೆ ಹೋಗುವುದಿಲ್ಲ, ಎದುರಿನ ಮೂಲೆಗೆ ಹೋಗಿ ನಿಲ್ಲುತ್ತದೆ. ಹತ್ತೊಂಬತ್ತು ವರ್ಷ ಜಳಕ ಮುಗಿದ ಮೇಲೆ ಕಸಬರಿಗೆಯಿಂದ ನೀರು ನೂಕಿಯೇ ನಾವು ಹೊರಗೆ ಬಂದಿದ್ದೇವೆ.

ಆ ಬಚ್ಚಲದ ನೆಲಕ್ಕೆ ಫರ್ಸಿಕಲ್ಲು ಹಾಕಿದ್ದು ಅಪ್ಪ. ಆಗ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ನಿನ್ನ ಮನೀಗೆ ನನ್ನ ಕೈ ಹತ್ತಬೇಕಲೇ" ಎಂದು ಹಟ ಹಿಡಿದು ಬಚ್ಚಲದ ಕೆಲಸ ತಾನೇ ತಗೊಂಡ. ಇಳಿಜಾರು ನೋಡಲು ರಸಮಟ್ಟ ಮುಟ್ಟುವವನಲ್ಲ ಅವನು. ಕಲ್ಲು ಕೂಡಿಸಿ, ಒಂದು ತಂಬಿಗೆ ನೀರು ಸುರಿದು, ಅದು ಹೋಗುವ ದಾರಿ ನೋಡುತ್ತಿದ್ದ. ನನಗೂ ಹಾಗೇ ಕಲಿಸಿದ್ದ. ಅವತ್ತೂ ಸುರಿದ. ನೀರು ಮೂಲೆಗೆ ಹೋಯಿತು.

"ಹೋತೇನಲೇ ಮೋರಿಗೆ?" ಎಂದ.

"ಹೋತಪಾ, ಒಂದ ಹನಿ ನಿಂದರಲಿಲ್ಲ" ಎಂದೆ.

ಕೈ ತೊಳೆದುಕೊಂಡು ಚಹಾ ಕೇಳಿದ. ಆಮೇಲೆ ಅವನು ಕರಣಿ ಹಿಡಿಯಲಿಲ್ಲ. ಅವನ ಜಳಕ ಯಾವಾಗಲೂ ಹಿತ್ತಲ ಕಲ್ಲಿನ ಮೇಲೆ, ಹಾಗಾಗಿ ಗೊತ್ತೂ ಆಗಲಿಲ್ಲ. ಅವನಿರುವತನಕ ಕೀಳಲು ಮನಸ್ಸಾಗಲಿಲ್ಲ, ಹೋದ ಮೇಲಂತೂ ಆಗಲೇ ಇಲ್ಲ.

ಕಡೆಗೆ ಮುದ್ದೇಬಿಹಾಳದಿಂದ ವರ್ಗವಾಗಿ ಬಂದ ಒಬ್ಬ ಮಾಸ್ತರರಿಗೆ ಮನೆ ಮನಸ್ಸಿಗೆ ಬಂತು. ಅವರ ಹೆಂಡತಿ ಮಾತ್ರ ನೇರ ಬಚ್ಚಲಕ್ಕೆ ಹೋಗಿ, ಹಂಡೆಯಿಂದ ಒಂದು ತಂಬಿಗೆ ನೀರು ಮೊಗೆದು ಸುರಿದರು.

"ಬರ್ರಿ ಇಲ್ಲೆ" ಎಂದು ಗಂಡನನ್ನು ಕರೆದರು. "ಮೋರಿ ಆ ಕಡೆ ಐತಿ, ನೀರು ನಮ್ಮನ್ನ ಮಾತಾಡಸಾಕ ಬರಾಕತ್ತೈತಿ."

ಮಾಸ್ತರರು ನನ್ನ ಕಡೆ ತಿರುಗಿದರು. "ಇದನ್ನ ಯಾರ್ ಹಾಕ್ಯಾರ್ರಿ?"

ನನ್ನ ಹೆಂಡತಿ "ಅದು ನಮ್ಮ ಮಾವ..." ಎನ್ನುವಷ್ಟರಲ್ಲಿ "ನಾನೇ ಹಾಕೇನ್ರಿ" ಎಂದೆ.

"ಮತ್ತ ನೀವು ಗೌಂಡಿ ಅಂದ್ರಿ?"

"ಹೌದ್ರಿ."

"ಹಂಗಾರ ಇದನ್ನ ಕಿತ್ತಿಸಿ ಒಬ್ಬ ಚಲೋ ಗೌಂಡಿ ಕಡೆ ಹಾಕಸ್ರಿ. ಆಮ್ಯಾಲೆ ಮಾತಾಡೂಣು."

ನನ್ನ ಕೆಲಸಕ್ಕೆ ಇಂಥ ಮಾತು ಅಲ್ಲಿಯತನಕ ಯಾರೂ ಆಡಿರಲಿಲ್ಲ. "ಆತ್ರಿ" ಎಂದೆ.

ಅವರು ಹೋದ ಮೇಲೆ ಹೆಂಡತಿ ಕೇಳಿದಳು, "ಮಾವಾರ ಹೆಸರ ಹೇಳಿದ್ರ ಏನ್ ಹೋಗ್ತಿತ್ರಿ? ಅವರೇನ್ ಕೇಳಾಕ ಬರ್ತಿದ್ರು?"

"ಅಪ್ಪಂದು ಒಂದ ಕಲ್ಲೂ ತಪ್ಪ ಬಿದ್ದಿಲ್ಲ ಅಂತಾರ ಈ ಊರಾಗ. ಹಂಗೇ ಇರಲಿ."

ಮರುದಿನ ನಾನೇ ಕುಳಿತು ಕಿತ್ತೆ. ಅಪ್ಪನ ಸಿಮೆಂಟು ಎಷ್ಟು ಗಟ್ಟಿ ಕೂತಿತ್ತೆಂದರೆ ಎರಡು ಉಳಿ ಮೊಂಡಾದವು. ಒಂದು ಫರ್ಸಿಯನ್ನೂ ಒಡೆಯದೆ ತೆಗೆದು, ಅವನ್ನೇ ಅದೇ ಸಾಲಿನಲ್ಲಿ, ಮೋರಿಯ ಕಡೆಗೆ ಎರಡು ಬೆರಳು ಇಳಿಸಿ ಕೂಡಿಸಿದೆ. ರಸಮಟ್ಟ ಚೀಲದಿಂದ ತೆಗೆಯಲಿಲ್ಲ. ಒಂದು ತಂಬಿಗೆ ನೀರು ಸುರಿದು ನೋಡಿದೆ.

ವಾರದ ಮೇಲೆ ಗಂಡ ಹೆಂಡತಿ ಮತ್ತೆ ಬಂದರು. ಆ ತಾಯಿ ಎರಡು ಸಲ ನೀರು ಸುರಿದರು, ಎರಡು ಸಲವೂ ಮೋರಿಗೆ ಹೋಯಿತು.

"ಯಾರನ್ನ ಕರಸಿದ್ರಿ?" ಎಂದರು ಮಾಸ್ತರರು.

"ನಮ್ಮ ಪೈಕಿನೇ ಒಬ್ಬಾಂವ ಅದಾನ್ರಿ."

"ಕೈ ಚಲೋ ಐತಿ ಬಿಡ್ರಿ ಅವಂದು."

"ಅವಗ ಅವರಪ್ಪ ಕಲಿಸ್ಯಾನ್ರಿ" ಎಂದೆ.

ನನ್ನ ಹೆಂಡತಿ ಚಹಾಕ್ಕೆಂದು ಒಳಗೆ ಹೋದಳು. ಮಾಸ್ತರರು ಪಡಸಾಲೆಯಲ್ಲಿ ಕುಳಿತು, ಕಾಗದಪತ್ರ ತರ್ರಿ ಎಂದರು.